ಅಪ್ಪರ್ ಉಂಟಾ?

ಮಿಕ್ಸಿಯ ಜಾರನ್ನು ಅದರ ಬುಡದ ಮೇಲೆ ಕೂರಿಸುವ ಮೊದಲು ನಾನು ಜಾರಿನ ಹೆಸರನ್ನು ಗಟ್ಟಿಯಾಗಿ ಹೇಳುತ್ತೇನೆ. "ಚಟ್ನಿ ಜಾರು, ಚಟ್ನಿ ಜಾರು" ಎಂದು ಕೂಗಿ, ಅದು ನಿಜವಾಗಿ ಚಟ್ನಿ ಜಾರೇ ಹೌದೋ ಎಂದು ತಿರುಗಿಸಿ ನೋಡಿ, ಆಮೇಲೆ ಕೂರಿಸುವುದು. ದೋಹಾ ಪಕ್ಕದ ಅಲ್ ವಕ್ರಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಬಾಗಿಲೇ ಗತಿ. ಅಷ್ಟು ಚಿಕ್ಕ ಜಾಗದಲ್ಲಿ ನಾನು ಹೀಗೆ ಕೂಗಿದರೆ ಹೆಂಡತಿ ಸುಜಾತಳಿಗೆ ನಗು ತಡೆಯುವುದಿಲ್ಲ.

"ಯಾರಿಗೆ ಹೇಳುದು ಮಾರಾಯ್ರೆ? ಜಾರಿಗಾ, ನನಗಾ?"

"ನನಗೇ."

"ನಿಮಗೆ ಗೊತ್ತಿಲ್ವಾ ಹಾಗಾದ್ರೆ, ಕೈಯಲ್ಲಿ ಎಂತ ಉಂಟು ಅಂತ?"

ಗೊತ್ತಿದೆ. ಆದರೆ ಗೊತ್ತಿದೆ ಎಂದುಕೊಂಡು ಮನುಷ್ಯರು ಏನೇನು ಮಾಡುತ್ತಾರೆ ಎಂಬುದನ್ನು ಕಳೆದ ಬೇಸಗೆಯಲ್ಲಿ ನಾನು ಕಣ್ಣಾರೆ ಕಂಡೆ. ಅಂದಿನಿಂದ ಎರಡು ವಸ್ತುಗಳನ್ನು ಒಂದಕ್ಕೊಂದು ಜೋಡಿಸುವಾಗ ನನ್ನ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ. ಪೆನ್ನಿಗೆ ಟೋಪಿ ಹಾಕುವಾಗಲೂ! ಹೆದರಿದವನು ಹೆದರಿದ್ದೇನೆಂದು ಹೇಳಿಬಿಟ್ಟರೆ ಸುಲಭ. ಅದನ್ನು ಮುಚ್ಚಿಡಲು ಹೋದರೇ ಹೀಗೆ ಜಾರುಗಳ ಜೊತೆ ಮಾತಾಡಬೇಕಾಗುತ್ತದೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ದೋಹಾದಿಂದ ಅಲ್ ಶಮಾಲ್ ಕಡೆಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಶೂಟಿಂಗ್ ಕ್ಲಬ್ ಇದೆ. ಅದರ ಸ್ಟೋರು ನನ್ನದು. ಊರಿಗೆ ಹೋದಾಗ ಯಾರಾದರೂ "ಕೋವಿಯ ಕೆಲಸವಂತೆ ನಿಮ್ಮದು" ಎಂದು ನನ್ನ ಹೊಟ್ಟೆಯನ್ನು ನೋಡುತ್ತಾರೆ. ಅವರ ಅನುಮಾನ ಸರಿಯೇ. ನಾನು ಈವರೆಗೆ ಒಂದು ಗುಂಡೂ ಹಾರಿಸಿದವನಲ್ಲ. ಗುರಿಯ ಹಾಳೆಗಳು, ಕಿವಿಗೆ ಹಾಕುವ ಮುಚ್ಚಿಗೆಗಳು, ಎಣ್ಣೆ, ಬಟ್ಟೆ, ಬಿಡಿ ಭಾಗಗಳು, ಇವುಗಳ ಮಧ್ಯೆ ಕುಳಿತು ಫೋನು ಎತ್ತುವುದು ನನ್ನ ವೃತ್ತಿ. ಫೋನಿನಲ್ಲಿ ಬರುವ ಪ್ರಶ್ನೆ ಒಂದೇ. ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ, ಕೊನೆಗೆ ನಮ್ಮ ಊರಿನ ಕನ್ನಡದಲ್ಲಿ: ಅಪ್ಪರ್ ಉಂಟಾ?

ಅಪ್ಪರ್ ಎಂದರೆ ಕೋವಿಯ ಮೇಲರ್ಧ. ನಳಿಗೆಯೂ, ಅದರ ಹಿಂದೆ ತೋಟೆ ಹೋಗಿ ಕೂರುವ ಗೂಡೂ ಸೇರಿದ ಭಾಗ. ಕೆಳಗಿನರ್ಧದಲ್ಲಿ ಕೈಹಿಡಿ, ಕುದುರೆ, ಹೆಗಲಿಗೆ ಆನಿಸುವ ಬುಡ ಇರುತ್ತವೆ. ಈಗಿನ ಆಟದ ರೈಫಲ್‌ಗಳಲ್ಲಿ ಈ ಎರಡು ಅರ್ಧಗಳನ್ನು ಜೋಡಿಸುವುದು ಎರಡು ಪಿನ್ನುಗಳು, ಅಷ್ಟೆ. ಪಿನ್ನು ತಳ್ಳಿದರೆ ಮೇಲರ್ಧ ಕೈಗೆ ಬರುತ್ತದೆ. ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಅದೇ ಕೋವಿ ಬೇರೆ ಗಾತ್ರದ ಗುಂಡು ಹಾರಿಸುತ್ತದೆ. ಒಂದು ಬುಡ, ಹಲವು ತಲೆ. ಹತ್ತು ತಲೆಯ ರಾವಣನಿಗೂ ದೇಹ ಒಂದೇ ತಾನೆ?

ಕೇಳುವುದಕ್ಕೆ ಬಹಳ ಸುಲಭ. ಆದರೆ ತಲೆ ಸಿಗಬೇಕಲ್ಲ! ಒಂದು ಕಂಪೆನಿಯದು ತಯಾರಾಗಿಲ್ಲ, ಇನ್ನೊಂದರದು ತಯಾರಾಗಿದೆ ಆದರೆ ಪರವಾನಗಿ ಬಂದಿಲ್ಲ, ಮತ್ತೊಂದರದು ಪರವಾನಗಿಯೂ ಬಂದು ಹಡಗಿನಲ್ಲಿದೆ, ಹಡಗು ಎಲ್ಲಿದೆಯೋ ಗೊತ್ತಿಲ್ಲ. "ಎಲ್ಲ ಬುಡಕ್ಕೂ ಹೊಂದುತ್ತದೆ" ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದು ನಮ್ಮ ಬುಡವೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಹೊಂದುತ್ತದೆ. ಹಾಗಾಗಿ ನನ್ನ ಉತ್ತರವೂ ಒಂದೇ: ಮಾಫಿ. ಇಲ್ಲ. ಈ ದೇಶಕ್ಕೆ ಬಂದು ನಾನು ಕಲಿತ ಅರಬ್ಬಿಯಲ್ಲಿ ಅತಿ ಹೆಚ್ಚು ಸವೆದ ಪದ ಅದು. ನಿದ್ದೆಯಲ್ಲೂ ನಾನು "ಮಾಫಿ, ಮಾಫಿ" ಎನ್ನುತ್ತೇನೆಂದು ಸುಜಾತ ದೂರುತ್ತಾಳೆ.

ಕೌಂಟರಿನ ಆಚೆ ನಿಂತವನ ಕಷ್ಟ ನನಗೆ ಅರ್ಥವಾದದ್ದು ಮಿಕ್ಸಿಯ ಜಾರು ಒಡೆದಾಗ. ಊರಿಂದ ಬಟ್ಟೆಗಳ ನಡುವೆ ಸುತ್ತಿ ತಂದ ಮಿಕ್ಸಿ ಅದು. ಅದರ ಚಟ್ನಿ ಜಾರಿನ ಬುಡ ಸೀಳಿತು. ಅಲ್ ಮನ್ಸೂರಾದ ಅಂಗಡಿ ಅಂಗಡಿಗೂ ನಾನು ಒಡೆದ ಜಾರನ್ನು ಎತ್ತಿಕೊಂಡು ಅಲೆದೆ. ಒಬ್ಬರು ಅದನ್ನು ತಮ್ಮ ಮಿಕ್ಸಿಯ ಮೇಲಿಟ್ಟು ತಿರುಗಿಸಿ, "ಹಲ್ಲು ಕೂರುವುದಿಲ್ಲ ಚೇಟಾ" ಎಂದರು. ಇನ್ನೊಬ್ಬರು ಹೊಸ ಮಿಕ್ಸಿಯನ್ನೇ ತೋರಿಸಿದರು. ಮೂರನೆಯವರು ನನ್ನ ಮುಖ ನೋಡಿದವರೇ, ನಾನು ಬಾಯಿ ತೆರೆಯುವ ಮೊದಲೇ, "ಮಾಫಿ" ಎಂದರು. ಆ ಪದವನ್ನು ಅಷ್ಟು ನಿರ್ದಯವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಮರುದಿನದಿಂದ ನಾನು ಫೋನಿನಲ್ಲಿ, "ಮಾಫಿ, ಆದರೆ ವಿಚಾರಿಸುತ್ತೇನೆ" ಎನ್ನಲು ಶುರು ಮಾಡಿದೆ.

ಬಾಲ್ಯದಲ್ಲಿ ನಾನು ಕಂಡ ಕೋವಿಗೆ ಹೀಗೆ ತಲೆ ಬೇರೆ ಬುಡ ಬೇರೆ ಇರಲಿಲ್ಲ. ಅದು ನನ್ನ ಸೋದರಮಾವನ ಒಂಟಿ ನಳಿಗೆ. ತೆಂಗಿನಕಾಯಿ ಕೀಳುವ ಮಂಗಗಳನ್ನು ಹೆದರಿಸಲು ಲೈಸನ್ಸ್ ತೆಗೆದುಕೊಂಡದ್ದು. ಚುನಾವಣೆ ಬಂತೆಂದರೆ ನಮ್ಮ ಕಡೆ ಎಲ್ಲರೂ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಮಾವ ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು ಬಸ್ಸು ಹತ್ತುತ್ತಿದ್ದ. ಒಮ್ಮೆ ಹೀಗೆ ಇಟ್ಟು, ಚುನಾವಣೆ ಮುಗಿದ ಮೇಲೆ ತಂದದ್ದು ನೆರೆಮನೆಯವರ ಕೋವಿ. ಠಾಣೆಯ ಜಗಲಿಯಲ್ಲಿ ಸಾಲಾಗಿ ಒರಗಿಸಿಟ್ಟಿದ್ದ ಕೋವಿಗಳಲ್ಲಿ ತನ್ನದರ ಪಂಚೆ ಕಂಡಿತು, ಎತ್ತಿಕೊಂಡ. ಪಂಚೆ ಮಾವನದೇ. ಒಳಗಿದ್ದದ್ದು ಮಾತ್ರ ಬೇರೆ. ಯಾರೋ ಧೂಳು ಒರೆಸಲು ಬಿಚ್ಚಿ, ಮತ್ತೆ ಸುತ್ತುವಾಗ ಅದಲುಬದಲು ಮಾಡಿದ್ದರು. ನೆರೆಮನೆಯವರು ಮಾವನ ಕೋವಿಯನ್ನು ಹಿಡಿದುಕೊಂಡು ಬಂದು ಅಂಗಳದಲ್ಲಿ ನಿಂತಾಗಲೇ ಗೊತ್ತಾದದ್ದು. "ನಿಮ್ಮದು ಭಾರಿ ಹಗುರ ಮಾರಾಯ್ರೆ" ಎಂದು ಅವರು ಹೇಳಿದ ಮಾತನ್ನು ಮಾವ ತನಗಾದ ಅವಮಾನವೆಂದು ಕೊನೆಯವರೆಗೂ ನೆನಪಿಟ್ಟುಕೊಂಡಿದ್ದ.

ಇದನ್ನು ನಾನು ಉಸ್ಮಾನಾಕನಿಗೆ ಹೇಳಿದ್ದೆ. ಅವರು ನಕ್ಕಿದ್ದರು. ಪಂಚೆ ನೋಡಿ ಕೋವಿ ಎತ್ತಿಕೊಂಡವನ ಕಥೆಗೆ ನಕ್ಕವರಲ್ಲಿ ನಾವಿಬ್ಬರೂ ಇದ್ದೆವು, ಅದನ್ನು ನೆನಪಿನಲ್ಲಿಡಿ.

ಉಸ್ಮಾನಾಕ ಉಪ್ಪಿನಂಗಡಿ ಕಡೆಯವರು, ಬ್ಯಾರಿಗಳು, ನನಗಿಂತ ಹಿರಿಯರು, ನನಗಿಂತ ಬಹಳ ಮೊದಲೇ ಈ ದೇಶಕ್ಕೆ ಬಂದವರು. ಕ್ಲಬ್ಬಿನ ಕೋವಿ ಕೋಣೆ ಅವರ ಸುಪರ್ದಿ. ಆ ಕೋಣೆಯ ಚಾವಿ ಅವರ ಸೊಂಟದಲ್ಲಿ ಒಂದು ಸರಪಳಿಗೆ ನೇತಾಡುತ್ತಿತ್ತು. ನಡೆದರೆ ಝಣಝಣ. ವಕ್ರಾದಿಂದ ನಾವಿಬ್ಬರೂ ಅವರ ಕಾರಿನಲ್ಲಿ ಹೋಗಿಬರುವುದು. ಗೇರು ಬದಲಿಸುವಾಗಲೂ ಚಾವಿ ಸದ್ದು ಮಾಡುತ್ತಿತ್ತು, ಅದಕ್ಕಿಂತ ಜೋರಾಗಿ ಉಸ್ಮಾನಾಕ. ಊರಿನ ಪಂಚಾಯತಿನಿಂದ ಹಿಡಿದು ಬಂಗುಡೆಯ ರೇಟಿನವರೆಗೆ ಎಲ್ಲ ಸಮಾಚಾರ, ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ.

ನಮ್ಮಲ್ಲಿ ಇದ್ದ ನಾಲ್ಕಾರು ಅಪ್ಪರ್‌ಗಳು ಎರಡು ಗಾತ್ರದವು. ನೋಡಲು ಅವಳಿಜವಳಿ. ಬಣ್ಣ ಒಂದೇ, ಉದ್ದ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ತೋಟೆಗಳನ್ನು ತುಂಬುವ ಪೆಟ್ಟಿಗೆಯೂ ಎರಡಕ್ಕೂ ಹೊಂದುತ್ತದೆ. ಬೇರೆಯಾಗಿರುವುದು ನಳಿಗೆಯ ಬಾಯಿ. ಗಾತ್ರವನ್ನು ನಳಿಗೆಯ ಮೇಲೆ ಕೊರೆದಿರುತ್ತಾರೆ, ಆದರೆ ಇರುವೆ ಬರೆದಷ್ಟು ಸಣ್ಣದಾಗಿ. ಅದಕ್ಕೆ ಉಸ್ಮಾನಾಕ ಒಂದು ಉಪಾಯ ಮಾಡಿದ್ದರು. ಸಣ್ಣದಕ್ಕೆ ಕೆಂಪು ಟೇಪು, ದೊಡ್ಡದಕ್ಕೆ ಹಸಿರು. ದೂರದಿಂದಲೇ ಕಾಣುತ್ತದೆ, ಓದುವ ಕಷ್ಟವಿಲ್ಲ. ಎಲ್ಲರೂ ಮೆಚ್ಚಿದ್ದರು.

ಈ ದೇಶದ ಬೇಸಗೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನೆರಳಿನಲ್ಲಿದ್ದರೂ ಕೌಂಟರಿನ ಕಬ್ಬಿಣ ಮುಟ್ಟಲಾಗದು. ಟೇಪಿನ ಅಂಟು ಬೆಲ್ಲದ ಪಾಕದಂತೆ ಜಾರುತ್ತದೆ.

ಆ ಬೆಳಿಗ್ಗೆ ನಡೆದದ್ದನ್ನು ನಾನು ನೋಡಿದಷ್ಟೇ ಹೇಳುತ್ತೇನೆ. ಗುರಿಯ ಹಾಳೆಗಳ ಸುರುಳಿಯನ್ನು ಎಡ ಕಂಕುಳಲ್ಲಿ ಇಟ್ಟುಕೊಂಡು ನಾನು ಕೌಂಟರಿಗೆ ಬಂದೆ. ಬಟ್ಟೆಯ ಮೇಲೆ ಎರಡು ಅಪ್ಪರ್‌ಗಳಿದ್ದವು. ತುದಿಯಲ್ಲಿ ಹಾಲಿಲ್ಲದ ಸುಲೈಮಾನಿ ಚಹಾದ ಕಪ್ಪು, ಅದರ ಪಕ್ಕದಲ್ಲಿ ಜಾರಿ ಬಿದ್ದ ಎರಡು ಟೇಪಿನ ಉಂಗುರಗಳು, ಒಂದು ಕೆಂಪು, ಒಂದು ಹಸಿರು. ಕೌಂಟರಿನ ಈಚೆ ನಿಂತಿದ್ದವರು ಅಬು ನಾಸರ್. ಕ್ಲಬ್ಬಿನ ಹಳೆಯ ಸದಸ್ಯರು, ಇಲ್ಲಿಯವರು, ಎಲ್ಲರಿಗೂ ಬೇಕಾದವರು, ಖರ್ಜೂರ ತಂದರೆ ಕಸ ಗುಡಿಸುವವನಿಂದ ಮುದೀರ್‌ವರೆಗೆ ಎಲ್ಲರಿಗೂ ಹಂಚುವವರು. ಮುದೀರ್ ಎಂದರೆ ಇಲ್ಲಿ ಮ್ಯಾನೇಜರು. ಫೋನು ಬಂತು. ಉಸ್ಮಾನಾಕ ಬೆನ್ನು ತಿರುಗಿಸಿ, "ಅಪ್ಪರ್ ಮಾಫಿ! ಇಲ್ಲ, ಮಾಫಿ!" ಎಂದು ಕೂಗತೊಡಗಿದರು. ಆಗ ಅಬು ನಾಸರ್ ಬಿದ್ದಿದ್ದ ಟೇಪುಗಳನ್ನು ಎತ್ತಿ, ಒಂದನ್ನು ಇದಕ್ಕೆ, ಒಂದನ್ನು ಅದಕ್ಕೆ, ಅಚ್ಚುಕಟ್ಟಾಗಿ ಸುತ್ತಿ ಬೆರಳಿನಿಂದ ಒತ್ತಿದರು. ಯಾವುದರಿಂದ ಯಾವುದು ಬಿದ್ದಿತ್ತೆಂದು ನಾನು ನೋಡಿರಲಿಲ್ಲ. ಅವರು ನೋಡಿರಬೇಕು ಎಂದುಕೊಂಡೆ.

ಉಸ್ಮಾನಾಕ ಫೋನಿಟ್ಟು ಬಂದರು, ಹಸಿರು ಕಂಡಿತು, ಜೋಡಿಸಿದರು, ದೊಡ್ಡ ತೋಟೆಗಳ ಪೆಟ್ಟಿಗೆ ಕೊಟ್ಟರು. ಅಬು ನಾಸರ್ ಕನ್ನಡಕ ಹಾಕಿ, ಕಿವಿ ಮುಚ್ಚಿ, ಗುರಿ ಇಟ್ಟರು.

ಸದ್ದು ದೊಡ್ಡದಿರಲಿಲ್ಲ. ಬೇರೆಯಾಗಿತ್ತು. ಹಸಿ ಬಿದಿರು ಬೆಂಕಿಯಲ್ಲಿ ಸೀಳಿದಂತೆ. ತೋಟೆಯ ಪೆಟ್ಟಿಗೆ ಕೆಳಗೆ ಸಿಡಿದು ಬಿತ್ತು, ಅಪ್ಪರಿನ ಪಕ್ಕೆ ಒಡೆದಿತ್ತು, ಹೊಗೆ. ಹೊಗೆಯಿಂದ ಅಬು ನಾಸರ್ ಹೊರಬಂದರು. ಬಿಳಿ ಗಡ್ಡದ ಅರ್ಧ ಕಪ್ಪು. ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿಕೊಂಡು, ಎಲ್ಲ ಬೆರಳೂ ಇವೆಯೆಂದು ಖಾತ್ರಿಯಾದ ಮೇಲೆ, "ಅಲ್‌ಹಮ್ದುಲಿಲ್ಲಾ" ಎಂದು ಕುಳಿತರು. ಒಂದು ಗೀರೂ ಆಗಿರಲಿಲ್ಲ. ಬಿದ್ದವನು ನಾನು. ಹಾಳೆಗಳ ಸುರುಳಿಯ ಮೇಲೆ. ನನ್ನನ್ನು ಎತ್ತಿದವರೂ ಅವರೇ.

ಹಸಿರು ಟೇಪು ಕೂತದ್ದು ಸಣ್ಣ ನಳಿಗೆಗೆ, ಅದರೊಳಗೆ ಹೋದದ್ದು ದೊಡ್ಡ ಗುಂಡು. ಅಂದೇ ಮುದೀರ್ ಉಸ್ಮಾನಾಕನ ಸೊಂಟದಿಂದ ಚಾವಿ ಬಿಚ್ಚಿಸಿಕೊಂಡರು. ಟೇಪಿನ ಉಪಾಯ ಯಾರದು? ಉಸ್ಮಾನಾಕನದು. ಜೋಡಿಸಿದ್ದು ಯಾರು? ಉಸ್ಮಾನಾಕ. ಲೆಕ್ಕ ಸುಲಭವಾಗಿತ್ತು. ವಾಪಸು ಬರುವಾಗ ಕಾರಿನಲ್ಲಿ ಚಾವಿಯ ಸದ್ದೂ ಇಲ್ಲ, ಉಸ್ಮಾನಾಕನ ಸದ್ದೂ ಇಲ್ಲ. ವಕ್ರಾ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು.

"ಖಲಾಸ್ ಜಯಣ್ಣ. ಚಾವಿ ಇಲ್ಲದ ಸೊಂಟ ಎಂತ ಸೊಂಟ? ಊರಿಗೆ ಕಳಿಸ್ತಾರೆ ನನ್ನನ್ನು."

"ಟೇಪು ನೀವು ಸುತ್ತಿದ್ದಲ್ಲ ಅಲ್ವಾ?"

"ಅಲ್ಲ. ಬೆಳಿಗ್ಗೆ ನಾನು ಹೊರಗೆ ತೆಗೆಯುವಾಗ ಸರಿ ಇತ್ತು. ಆದ್ರೆ ನಾನು ನಳಿಗೆ ಓದ್ಬೇಕಿತ್ತು. ಓದ್ಲಿಲ್ಲ. ಅದು ನನ್ನದೇ."

ಅಬು ನಾಸರ್ ಸುತ್ತಿದರು ಎಂದು ನಾನು ಅವರಿಗೆ ಹೇಳಿದೆ. ಅವರು ಗಾಡಿಯನ್ನೇ ಬದಿಗೆ ನಿಲ್ಲಿಸಿದರು.

"ನೀವು ಅದನ್ನು ಅಲ್ಲಿ ಹೇಳ್ಲಿಕ್ಕುಂಟಾ? ಅವರ ಎದುರಿನಲ್ಲಿ? ನಿಮ್ಮ ತಲೆ ಸರಿ ಉಂಟಾ ಮಾರಾಯ್ರೆ? ಆಮೇಲೆ ನಾವಿಬ್ಬರೂ ಒಂದೇ ವಿಮಾನದಲ್ಲಿ ಊರಿಗೆ!"

ವಿಚಾರಣೆಗೆ ಮುದೀರ್‌ರ ಕೋಣೆ. ಮೇಜಿನ ಮೇಲೆ ಚಾವಿಯ ಗೊಂಚಲು. ಸೋಫಾದಲ್ಲಿ ಅಬು ನಾಸರ್, ಕೈಯಲ್ಲಿ ಅರಬ್ಬಿ ಕಾಫಿ ಗಾವಾದ ಪುಟ್ಟ ಬಟ್ಟಲು. ಗೋಡೆಗೆ ಒರಗಿ ಉಸ್ಮಾನಾಕ. ಮುದೀರ್ ಇಂಗ್ಲಿಷು ಹಿಂದಿ ಬೆರೆಸಿ ಮಾತಾಡುವವರು.

"ಜಯರಾಂ, ನೀನು ಅಲ್ಲಿದ್ದೆ. ನೋಡಿದ್ದನ್ನು ಹೇಳು."

ನಾನು ಶುರುಮಾಡಿದೆ. ಹಾಳೆಯ ಸುರುಳಿ ಎಡ ಕಂಕುಳಲ್ಲಿತ್ತು, ಬಟ್ಟೆ ನೀಲಿ ಬಣ್ಣದ್ದು, ತುದಿಯಲ್ಲಿ ಸುಲೈಮಾನಿ ಚಹಾದ ಕಪ್ಪು ಇತ್ತು, ಅರ್ಧ ಕುಡಿದದ್ದು…

"ಚಹಾ ಬೇಡ. ಯಲ್ಲಾ, ಮುಂದೆ."

"ಚಹಾ ಬೇಕು ಸರ್. ಟೇಪುಗಳು ಬಿದ್ದಿದ್ದದ್ದು ಚಹಾದ ಪಕ್ಕ."

ಮುದೀರ್ ಮುಂದಕ್ಕೆ ಬಾಗಿದರು. "ಬಿದ್ದಿದ್ದವಾ? ಮತ್ತೆ ಸುತ್ತಿದವರು ಯಾರು? ಇವನಾ?"

"ಉಸ್ಮಾನಾಕ ಫೋನಿನಲ್ಲಿದ್ದರು ಸರ್. ಬೆನ್ನು ಈ ಕಡೆ ಇತ್ತು."

"ಹಾಗಾದರೆ ಯಾರು?"

ಹೆಸರು ನಾಲಿಗೆಯ ಹಿಂಬದಿಯಲ್ಲಿ ಕೂತು ಹೊರಗೆ ಬರಲೊಲ್ಲದು. ನನ್ನಿಂದ ಆದದ್ದು ಇಷ್ಟೇ:

"ಒಂದು ಕೈ ಸರ್."

"ಕೈ?"

"ಬಲಗೈ. ಕಿರುಬೆರಳಿನಲ್ಲಿ ಬೆಳ್ಳಿಯ ಉಂಗುರ, ಕಂದು ಬಣ್ಣದ ಕಲ್ಲು. ತೋಳಿನ ಬಟ್ಟೆ ಬಿಳಿ. ಟೇಪು ಸುತ್ತಿ ಹೆಬ್ಬೆರಳಿನಿಂದ ಒತ್ತಿತು."

ಮುದೀರ್‌ರ ಕಣ್ಣು ನಿಧಾನವಾಗಿ ಸೋಫಾದ ಕಡೆ ಹೋಯಿತು. ಉಸ್ಮಾನಾಕ ಚಾವಣಿ ನೋಡುತ್ತಿದ್ದರು. ಅಬು ನಾಸರ್ ತಮ್ಮ ಬಟ್ಟಲನ್ನು, ಬಟ್ಟಲು ಹಿಡಿದ ಬೆರಳನ್ನು, ಬೆರಳಿನ ಉಂಗುರವನ್ನು, ಅಪರಿಚಿತರನ್ನು ನೋಡುವಂತೆ ನೋಡಿದರು.

"ವಲ್ಲಾ!" ಎಂದರು. "ಇದು ನನ್ನ ಕೈ!"

ಆಮೇಲೆ ಅವರು ನಕ್ಕದ್ದನ್ನು ವರ್ಣಿಸಲಾರೆ. ಗಾವಾ ಚೆಲ್ಲಿತು. "ನಾನೇ ಸುತ್ತಿದೆ, ನಾನೇ ಸಿಡಿಸಿಕೊಂಡೆ! ಬಿದ್ದದ್ದನ್ನು ಎತ್ತಿಡದೆ ದಾಟಿ ಹೋದರೆ ನನ್ನ ತಾಯಿ ಬೈಯುತ್ತಿದ್ದಳು. ಬೇಕಾದರೆ ಅವಳನ್ನು ವಿಚಾರಿಸಿ, ಸ್ವರ್ಗದಲ್ಲಿದ್ದಾಳೆ." ಮತ್ತೆ ಮುದೀರ್ ಕಡೆ ತಿರುಗಿ, "ಅವನ ಚಾವಿ ಕೊಟ್ಟುಬಿಡು" ಎಂದರು.

ಮುದೀರ್ ಕೊಡಲಿಲ್ಲ. ಅದೂ ಸರಿಯೇ. "ಟೇಪನ್ನು ಯಾರು ಬೇಕಾದರೂ ಸುತ್ತಬಹುದು ಎಂದಾದರೆ ಟೇಪು ಖಲಾಸ್. ಬೇರೆ ದಾರಿ ತೋರಿಸಿ. ಅಲ್ಲಿಯವರೆಗೆ ಚಾವಿ ನನ್ನಲ್ಲಿ." ಉಸ್ಮಾನಾಕನ ಸೊಂಟ ಖಾಲಿಯೇ ಉಳಿಯಿತು. ನಾವಿಬ್ಬರೂ ಎಷ್ಟು ತಲೆ ಕೆರೆದುಕೊಂಡರೂ ದಾರಿ ಹೊಳೆಯಲಿಲ್ಲ.

ಈಗ ಸ್ವಲ್ಪ ಅನ್ನದ ವಿಷಯ. ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಬಡಿಸುವವನು ಸುಮ್ಮನೆ ಬಡಿಸುವುದಿಲ್ಲ. ಕೈಯಲ್ಲಿರುವ ಪದಾರ್ಥದ ಹೆಸರು ಕೂಗುತ್ತಲೇ ನಡೆಯಬೇಕು. "ಸಾರು ಸಾರು ಸಾರು", "ಮಜ್ಜಿಗೆ ಮಜ್ಜಿಗೆ". ಉಣ್ಣುವವನು ತಲೆ ಎತ್ತದೆಯೇ ಬೇಕು, ಬೇಡ ಹೇಳುತ್ತಾನೆ. ಹೈಸ್ಕೂಲಿನಲ್ಲಿದ್ದಾಗ ಮೊದಲ ಸಲ ನನ್ನ ಕೈಗೆ ಬಕೆಟು ಕೊಟ್ಟರು. ನಾಚಿಕೆಯಿಂದ ನಾನು ಬಾಯಿ ಬಿಡಲಿಲ್ಲ. ಕೋವಿಯ ಮಾವ ಅನ್ನದಲ್ಲಿ ಗುಂಡಿ ತೋಡಿ ಸಾರಿಗೆ ಕಾಯುತ್ತಿದ್ದ. ಆ ಗುಂಡಿಗೆ ನಾನು ಸೌಟು ತುಂಬ ಪಾಯಸ ಸುರಿದೆ. "ಬಾಯಲ್ಲಿ ಎಂತ ಅವಲಕ್ಕಿ ಉಂಟಾ ನಿನಗೆ?" ಎಂದು ಆತ ಗುಡುಗಿದ್ದು ಪಂಕ್ತಿಯ ಆ ತುದಿಗೂ ಕೇಳಿಸಿತು. ಅಂದಿನಿಂದ ಬಕೆಟು ಹಿಡಿದರೆ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಸಿಡಿದ ದಿನದಿಂದ ಮುಚ್ಚಿದ್ದ ಕ್ಲಬ್ಬು ಮತ್ತೆ ತೆರೆದ ದಿನ ಉಸ್ಮಾನಾಕನಿಗೆ ಕೋವಿ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಮುದೀರ್ ಬಾಗಿಲು ತೆಗೆದು, ಒಂದು ಅಪ್ಪರ್ ಎತ್ತಿ ನನ್ನ ಎರಡು ಕೈಗಳ ಮೇಲಿಟ್ಟರು. "ಸಣ್ಣದು. ಕೌಂಟರಿಗೆ ತೆಗೆದುಕೊಂಡು ಹೋಗು." ಅದನ್ನು ಎದೆಗೆ ಒತ್ತಿಕೊಂಡು ಹೊರಟೆ. ಕೌಂಟರಿನವರೆಗಿನ ಓಣಿ ನನಗೆ ಪಂಕ್ತಿಯಷ್ಟು ಉದ್ದ ಕಂಡಿತು. ಕಾಲುಗಳು ಅದೇ ಹಳೆಯ ನಡಿಗೆ ಹಿಡಿದವು. ಬಾಯಿ ನನ್ನನ್ನು ಕೇಳದೆಯೇ ಶುರುಮಾಡಿತು:

"ಸಣ್ಣದು ಸಣ್ಣದು ಸಣ್ಣದು…"

ಕೌಂಟರಿನ ಹಿಂದೆ ಕೈಕಟ್ಟಿ ನಿಂತಿದ್ದ ಉಸ್ಮಾನಾಕ ನಮ್ಮೂರಿನ ಎಷ್ಟೋ ಮದುವೆಗಳಲ್ಲಿ ಉಂಡವರು. ಅಷ್ಟು ದಿನಗಳ ಮೌನ ಮುರಿದು ಅವರು ಕೂಗಿದರು:

"ಭಟ್ರೇ, ಈಚೆ ಎಲೆಗೆ ಬರ್ಲಿಲ್ಲ!"

ನಾನು ಭಟ್ಟನಲ್ಲ. ಆದರೂ ನಗು ಬಂತು, ಹೆದರಿಕೆ ಇಳಿಯಿತು. ಹಿಂದಿನಿಂದ ಮುದೀರ್ ಕೇಳಿದರು, "ಏನದು? ಇವನೇಕೆ ಹಾಡುತ್ತಾನೆ?" ನಾನು ಪಂಕ್ತಿಯನ್ನು, ಬಕೆಟನ್ನು, ಮಾವನ ಅನ್ನದ ಗುಂಡಿಯನ್ನು ಆದಷ್ಟು ನಿಧಾನವಾಗಿ ವಿವರಿಸಿದೆ. ಈ ಸಲ ಅವರು ಯಲ್ಲಾ ಎನ್ನಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು.

"ತರುವವನು ಕೂಗಬೇಕು. ತೆಗೆದುಕೊಳ್ಳುವವನು ನಳಿಗೆ ಓದಿ ಅದನ್ನೇ ಕೂಗಬೇಕು. ಹಾರಿಸುವವನು ತನ್ನ ತೋಟೆಯ ಮೇಲಿನ ಗಾತ್ರ ಓದಿ ಅದನ್ನೇ ಕೂಗಬೇಕು. ಮೂರೂ ಒಂದೇ ಆದರೆ ಜೋಡಿಸಿ."

ಮತ್ತೆ ಜೇಬಿಗೆ ಕೈಹಾಕಿ ಚಾವಿಯ ಗೊಂಚಲನ್ನು ಕೌಂಟರಿನ ಮೇಲೆ ಜಾರಿಸಿಬಿಟ್ಟರು. ಉಸ್ಮಾನಾಕ ಅದನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಮೊದಲು ನನ್ನ ಕೈಯಿಂದ ಅಪ್ಪರ್ ತೆಗೆದುಕೊಂಡು, ಕನ್ನಡಕ ಏರಿಸಿ, ಇರುವೆ ಅಕ್ಷರಗಳನ್ನು ಓದಿ, "ಸಣ್ಣದು" ಎಂದರು. ಆಮೇಲೆ ಚಾವಿ ಸೊಂಟಕ್ಕೆ ಹೋಯಿತು. ಆ ಸಂಜೆ ವಾಪಸು ಬರುವಾಗ ವಕ್ರಾದವರೆಗೆ ನನಗೆ ಒಂದು ಮಾತಾಡಲೂ ಸಂದು ಸಿಗಲಿಲ್ಲ.

ಮುದೀರ್ ಭಾಷೆ ಯಾವುದೆಂದು ಹೇಳಿರಲಿಲ್ಲ. ಮೊದಲು ಕೇಳಿದ್ದು ಕನ್ನಡವಾದ್ದರಿಂದ ಕ್ಲಬ್ಬಿನ ಸದಸ್ಯರೆಲ್ಲ ಅದನ್ನೇ ಕಲಿತರು. ಮರಳುಗಾಡಿನ ಆ ಮೂಲೆಯಲ್ಲಿ ಬಿಳಿ ನಿಲುವಂಗಿಯ ಹಿರಿಯರು ಗಂಭೀರವಾಗಿ "ದೊಡ್ಡದು ದೊಡ್ಡದು" ಎಂದು ಕೂಗುವುದನ್ನು ಕೇಳಿದರೆ ಯಾರೋ ದೊಡ್ಡ ಹೋಳಿಗೆ ಬಡಿಸುತ್ತಿದ್ದಾರೇನೋ ಎನಿಸುತ್ತದೆ. ಒಡೆದ ಅಪ್ಪರಿಗೆ ಬದಲಿ ಇನ್ನೂ ಬಂದಿಲ್ಲ. ಮಾಫಿ, ಆದರೆ ವಿಚಾರಿಸುತ್ತಿದ್ದೇನೆ.

ಅಬು ನಾಸರ್‌ಗೆ ಒಂದು ಕುತೂಹಲ ಉಳಿದಿತ್ತು. ನಿಮ್ಮೂರಲ್ಲಿ ಕೂಗುತ್ತಾ ಬಡಿಸುವ ಆ ವಸ್ತು ಯಾವುದು? ಸುಜಾತ ಒಂದು ಫ್ಲಾಸ್ಕಿನಲ್ಲಿ ಸಾರು ಕಳಿಸಿದಳು. ಈಗ ಕೌಂಟರಿನ ಮೇಲೆ ಚಹಾಕ್ಕೂ ಜಾಗವಿಲ್ಲ, ಹಾಗಾಗಿ ಹಿಂದಿನ ಚಹಾ ಕೋಣೆಯಲ್ಲಿ ಕುಳಿತೆವು. ಅವರು ಕಾಗದದ ಲೋಟದಲ್ಲಿ ಕುಡಿದು, ಕೆಮ್ಮಿ, ಕಣ್ಣೊರೆಸಿಕೊಂಡು, ಮತ್ತೆ ಲೋಟ ಚಾಚಿದರು. "ಉಂಟಾ?" ಆ ಪದವನ್ನು ನಮ್ಮಿಂದಲೇ ಕಲಿತದ್ದು. ಉಸ್ಮಾನಾಕ ಫ್ಲಾಸ್ಕನ್ನು ಬೋರಲು ಹಿಡಿದು ತೋರಿಸಿದರು. ಅಷ್ಟರಲ್ಲಿ ಫೋನು ಬಂತು, ಝಣಝಣ ಎನ್ನುತ್ತಾ ಅತ್ತ ಓಡಿದರು. ಯಾರಿಗೋ ಅಪ್ಪರ್ ಬೇಕಿತ್ತು.

ಫ್ಲಾಸ್ಕಿನ ಮುಚ್ಚಳ ಉರುಳಿ ನೆಲಕ್ಕೆ ಬಿದ್ದಿತ್ತು. ಕಂದು ಕಲ್ಲಿನ ಉಂಗುರದ ಕೈ ಅದರ ಕಡೆ ಚಾಚಿತು. ನಡುವೆಯೇ ತಡೆಯಿತು. ಅಬು ನಾಸರ್ ನನ್ನ ಮುಖ ನೋಡಿದರು.

"ಜಯರಾಂ, ಎತ್ತಲಾ?"

"ಎತ್ತಿ. ಹೆಸರು ಹೇಳಿ ಎತ್ತಿ."

"ಇದಕ್ಕೆ ಹೆಸರೇನು?"

ನಾನು ಹೇಳಿಕೊಟ್ಟೆ. ಅವರು ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಒಳಗೆ ಹೊರಗೆ ನೋಡಿ, "ಮುಚ್ಚಳ ಮುಚ್ಚಳ ಮುಚ್ಚಳ" ಎಂದು ಕೂಗುತ್ತಾ ಫ್ಲಾಸ್ಕಿಗೆ ತಿರುಗಿಸಿ ಕೂರಿಸಿದರು. ಸರಿಯಾಗಿ ಕೂತಿತು.